ಸ್ಪೀಡ್ ಟೆಸ್ಟ್ ಹೇಳುವುದೆಷ್ಟು ನಿಜ? ಕಾರವಾರ–ಅಂಕೋಲೆಯ ಮನೆಗಳಲ್ಲಿ ಇಂಟರ್‌ನೆಟ್ ಅಳತೆ

ಕಾರವಾರದ ಕೋಡಿಬಾಗದಲ್ಲೋ ಅಂಕೋಲೆಯ ಬೊಬ್ರುವಾಡದಲ್ಲೋ ಒಂದು ಮನೆ ಎಂದಿಟ್ಟುಕೊಳ್ಳಿ. ಜಗುಲಿಯ ಗೋಡೆಗೆ ಹೊಡೆದ ಬಿಳಿ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತಿದೆ. ಹಣ ಕಟ್ಟಿದ್ದು 100 ಎಂಬಿಪಿಎಸ್ ಪ್ಲ್ಯಾನಿಗೆ. ಒಳಕೋಣೆಯಲ್ಲಿ ಕೂತ ಮಗಳ ಆನ್‌ಲೈನ್ ಕ್ಲಾಸು ಮಾತ್ರ ನಿಂತು ನಿಂತು ಸಾಗುತ್ತದೆ. ಅಪ್ಪ ಅಲ್ಲೇ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 23 ಬರುತ್ತದೆ. ಕೇಬಲ್‌ನವನಿಗೆ ಫೋನ್ ಹೋಗುತ್ತದೆ. ಅವನು ಬಂದವನೇ ಪೆಟ್ಟಿಗೆಯ ಬುಡದಲ್ಲಿ ನಿಂತು ತನ್ನ ಫೋನಿನಲ್ಲಿ ಅದೇ ಟೆಸ್ಟ್ ಮಾಡುತ್ತಾನೆ. 94. "ಲೈನ್ ಸಮಾ ಇದ್ಯಲ್ರಾ" ಎಂದು ಬೈಕ್ ಹತ್ತುತ್ತಾನೆ. ಅಪ್ಪನಿಗೆ ತನಗೆ ಮೋಸವಾಯಿತೆಂಬ ಸಿಟ್ಟು, ಕೇಬಲ್‌ನವನಿಗೆ ಸುಮ್ಮನೆ ಕರೆಸಿದರೆಂಬ ಬೇಸರ.

ಇಬ್ಬರೂ ಸುಳ್ಳು ಹೇಳಿಲ್ಲ, ಟೆಸ್ಟೂ ಸುಳ್ಳು ಹೇಳಿಲ್ಲ. ಅವರು ಅಳೆದದ್ದು ಬೇರೆ ಬೇರೆ ದಾರಿಗಳನ್ನು. ಸ್ಪೀಡ್ ಟೆಸ್ಟ್ ಎಷ್ಟು ನಿಖರ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಅದು ಎಲ್ಲಿಂದ ಎಲ್ಲಿಯವರೆಗೆ ಅಳೆಯಿತು ಎಂಬುದನ್ನು ಮೊದಲು ಕೇಳಬೇಕು. ಇದನ್ನು ತಿಳಿಯದೆ ಎಷ್ಟೋ ಮನೆಯವರು ಬೇಡದ ದೊಡ್ಡ ಪ್ಲ್ಯಾನಿಗೆ ತಿಂಗಳು ತಿಂಗಳು ಹಣ ಸುರಿಯುತ್ತಾರೆ. ನ್ಯಾಯವಾದ ದೂರಿದ್ದವರೂ ಅದನ್ನು ಸಾಬೀತು ಮಾಡಲಾಗದೆ ಸುಮ್ಮನಾಗುತ್ತಾರೆ.

ಗುಂಡಿ ಒತ್ತಿದಾಗ ನಡೆಯುವುದು

ಟೆಸ್ಟ್ ಶುರುವಾದ ಕೂಡಲೇ ಆ್ಯಪ್ ಹತ್ತಿರದ್ದೆಂದು ತಾನು ಭಾವಿಸಿದ ಕೆಲವು ಸರ್ವರ್‌ಗಳಿಗೆ ಪುಟ್ಟ ಸಂದೇಶ ಕಳಿಸಿ, ಯಾವುದು ಬೇಗ ಓಗೊಡುತ್ತದೆಂದು ನೋಡುತ್ತದೆ. ಸಂದೇಶ ಹೋಗಿ ಬರಲು ಹಿಡಿದ ಸಮಯವೇ ಪಿಂಗ್. ಅದನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತಾರೆ. ಆಮೇಲೆ ಆರಿಸಿದ ಸರ್ವರ್‌ನಿಂದ, ಯಾರಿಗೂ ಬೇಡದ ಡೇಟಾವನ್ನು ಹತ್ತು ಹದಿನೈದು ಸೆಕೆಂಡು ರಾಶಿ ರಾಶಿಯಾಗಿ ಎಳೆದುಕೊಳ್ಳುತ್ತದೆ. ಎಷ್ಟು ಬಂತು, ಎಷ್ಟು ಹೊತ್ತಿನಲ್ಲಿ ಬಂತು ಎಂದು ಭಾಗಿಸಿದರೆ ಡೌನ್‌ಲೋಡ್ ವೇಗ. ಹಾಗೆಯೇ ಮನೆಯಿಂದ ಸರ್ವರ್‌ಗೆ ತಳ್ಳಿದರೆ ಅಪ್‌ಲೋಡ್ ವೇಗ.

ಭಾಗಾಕಾರ ಸುಲಭ, ಆದರೆ ಡೇಟಾ ಮೊದಲ ಕ್ಷಣದಿಂದಲೇ ಪೂರ್ತಿ ವೇಗದಲ್ಲಿ ಹರಿಯುವುದಿಲ್ಲ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೆಲವೇ ನೂರು ಗಜ ದೂರದ ಎರಡು ಕೇಂದ್ರಗಳ ನಡುವೆ ದಟ್ಟಣೆ ಹೆಚ್ಚಿ, 32 ಕೆಬಿಪಿಎಸ್ ಇದ್ದ ವೇಗ ಸೆಕೆಂಡಿಗೆ 40 ಬಿಟ್‌ಗೆ ಕುಸಿಯಿತು. ಅದರ ಕಾರಣ ಹುಡುಕಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೇ ಇಂದಿಗೂ ಬುನಾದಿ. ಮೊದಲು ಸ್ವಲ್ಪ ಕಳಿಸು, ತಲುಪಿತೆಂದು ಉತ್ತರ ಬಂದರೆ ಹೆಚ್ಚು ಕಳಿಸು, ದಾರಿಯಲ್ಲಿ ಏನಾದರೂ ಕಳೆದುಹೋದರೆ ತಗ್ಗಿಸು. ಹಾಗಾಗಿ ಟೆಸ್ಟಿನ ಮೊದಲ ಒಂದೆರಡು ಸೆಕೆಂಡು ಮುಳ್ಳು ಏರುತ್ತಲೇ ಇರುತ್ತದೆ. ಆ ಹೊತ್ತನ್ನು ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ ಎಂಬುದನ್ನು ಟೆಸ್ಟ್ ಮಾಡಿದವರು ತೀರ್ಮಾನಿಸಿರುತ್ತಾರೆ. 2006ರಲ್ಲಿ ಶುರುವಾದ ಊಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್ ತನ್ನ ಹಳೆಯ ಪದ್ಧತಿಯಲ್ಲಿ ಸಿಕ್ಕಿದ ಅಳತೆಗಳನ್ನು 20 ಹೋಳು ಮಾಡಿ, ಅತಿ ವೇಗದ ಶೇ. 10 ಮತ್ತು ಅತಿ ನಿಧಾನದ ಶೇ. 30 ಹೋಳುಗಳನ್ನು ಬದಿಗಿಟ್ಟು ಉಳಿದವುಗಳ ಸರಾಸರಿ ಕೊಡುತ್ತಿತ್ತು. ಅದರಲ್ಲಿ ಮೋಸವೇನಿಲ್ಲ. ಲೈನ್ ತನ್ನ ಒಳ್ಳೆಯ ಹೊತ್ತಿನಲ್ಲಿ ಎಷ್ಟು ಓಡಬಲ್ಲದು ಎಂದು ಅವರು ಕೇಳಿದರು, ಉತ್ತರವೂ ಅದಕ್ಕೇ ಬಂತು.

ಬಂದ ಅಂಕಿ ಇಡೀ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗದ ಅಳತೆ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೊರಟ ಲಾರಿಯ ಹೊತ್ತನ್ನು ನಿರ್ಧರಿಸುವುದು ಅರಬೈಲ್ ಘಟ್ಟದ ತಿರುವುಗಳು, ಆಚೆಯ ಬಯಲಿನ ರಸ್ತೆ ಎಷ್ಟೇ ಅಗಲವಿರಲಿ. ನಮ್ಮ ಡೇಟಾಕ್ಕೂ ಅಂಥ ಘಟ್ಟಗಳಿವೆ. ಕೈಯಲ್ಲಿರುವ ಫೋನು, ಗೋಡೆ ದಾಟಿ ಬರುವ ವೈಫೈ, ಜಗುಲಿಯ ಪೆಟ್ಟಿಗೆ, ಬೀದಿಯ ಕಂಬದ ಮೇಲಿನ ಫೈಬರ್, ಊರಿನ ಎಕ್ಸ್‌ಚೇಂಜಿನಲ್ಲಿರುವ ಯಂತ್ರ, ಅಲ್ಲಿಂದ ಬೆಂಗಳೂರಿಗೋ ಮುಂಬೈಗೋ ಹೋಗುವ ದೊಡ್ಡ ಲೈನು, ಕೊನೆಗೆ ಸರ್ವರ್. ಇವುಗಳಲ್ಲಿ ಯಾವುದು ಇಕ್ಕಟ್ಟಾಗಿತ್ತು ಎಂಬುದನ್ನು 23 ಎಂಬ ಅಂಕಿ ಹೇಳುವುದಿಲ್ಲ.

ಎಂಬಿಪಿಎಸ್ ಬೇರೆ, ಎಂಬಿ ಬೇರೆ

ಪ್ಲ್ಯಾನಿನ ವೇಗ ಬಿಟ್ ಲೆಕ್ಕದಲ್ಲಿರುತ್ತದೆ, ಫೈಲಿನ ಗಾತ್ರ ಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಎಂಬಿ. ಕಂಪ್ಯೂಟರಿನಲ್ಲಿ ಸಿನಿಮಾ ಇಳಿಸುವಾಗ 11 ಎಂದು ಕಂಡು ಹೌಹಾರಬೇಕಿಲ್ಲ. ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ವೇಗದಲ್ಲಿ ಹತ್ತು ಸೆಕೆಂಡಿನ ಡೌನ್‌ಲೋಡ್ ಟೆಸ್ಟ್ ಒಂದಕ್ಕೇ 125 ಎಂಬಿ ಖರ್ಚು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಂಥ ಹನ್ನೆರಡು ಟೆಸ್ಟ್ ಮಾಡಿದರೆ ಆ ದಿನದ ಡೇಟಾ ಮುಗಿಯಿತು.

ಚೀರೆಕಲ್ಲಿನ ಗೋಡೆ

ನಮ್ಮ ಕಡೆಯ ಮನೆಗಳಲ್ಲಿ ಇಕ್ಕಟ್ಟು ಹೆಚ್ಚಾಗಿ ಇರುವುದು ಪೆಟ್ಟಿಗೆಯಿಂದ ಈಚೆಗೆ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಜಗಳಗಳು ಹುಟ್ಟುವುದು ಇಲ್ಲೇ.

ಫೈಬರ್ ಎಳೆ ಮನೆಗೆ ಬರುವುದು ಜಗುಲಿಯ ಕಡೆಯಿಂದ. ಲೈನ್ ಎಳೆದ ಹುಡುಗ ಅಲ್ಲೇ ಮೊಳೆ ಹೊಡೆದು ಪೆಟ್ಟಿಗೆ ತೂಗುಹಾಕುತ್ತಾನೆ. ಅವನಿಗದು ಸುಲಭ, ಮನೆಯವರಿಗೂ ಗೋಡೆ ಕೊರೆಸುವ ತಾಪತ್ರಯವಿಲ್ಲ. ಆದರೆ ಕಾರವಾರ, ಅಂಕೋಲೆಯ ಹಳೆಯ ಮನೆಗಳು ಚೀರೆಕಲ್ಲಿನವು. ಮುಕ್ಕಾಲು ಅಡಿ, ಒಂದು ಅಡಿ ದಪ್ಪದ ಗೋಡೆಗಳು, ಒಂದರ ಹಿಂದೆ ಒಂದು. ಜಗುಲಿ, ಪಡಸಾಲೆ, ನಡುಮನೆ ದಾಟಿ ಅಡುಗೆಮನೆಯ ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ವೈಫೈ ಅಲೆ ಮೂರು ಗೋಡೆ ದಾಟಿರಬೇಕು. ಚೀರೆಕಲ್ಲಿನ ಮೈತುಂಬ ರಂಧ್ರಗಳು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಿಲಾಯಿ ಮಾಡದ ಗೋಡೆ ನೀರು ಕುಡಿದುಕೊಂಡೇ ನಿಂತಿರುತ್ತದೆ. ನೀರು ರೇಡಿಯೊ ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಒಳಕೋಣೆಯ ವೈಫೈ ಆಷಾಢದಲ್ಲಿ ಸೋತರೆ ಕೇಬಲ್‌ನವನನ್ನು ಬೈಯುವ ಮುಂಚೆ ಗೋಡೆ ಮುಟ್ಟಿ ನೋಡುವುದು ಒಳ್ಳೆಯದು.

ವೈಫೈ ಎರಡು ಬ್ಯಾಂಡಿನಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅದರ ಹರಿವು ಕಡಿಮೆ. ಒಂದೇ ಆಂಟೆನಾದ ಸಾಧಾರಣ ಫೋನಿಗೆ ಈ ಬ್ಯಾಂಡಿನಲ್ಲಿ ಕಾಗದದ ಮೇಲಿನ ವೇಗವೇ ಸುಮಾರು 72 ಎಂಬಿಪಿಎಸ್, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಇಂಥ ಫೋನಿನಲ್ಲಿ 300ರ ಪ್ಲ್ಯಾನನ್ನು ಅಳೆದರೂ 40 ಬರುತ್ತದೆ, 100ರ ಪ್ಲ್ಯಾನನ್ನು ಅಳೆದರೂ 40 ಬರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ನೂರಾರು ಎಂಬಿಪಿಎಸ್ ಹರಿಯಬಲ್ಲದು. ಆದರೆ ಅದು ಗೋಡೆಗೆ ಬಲುಬೇಗ ಸೋಲುತ್ತದೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಮತ್ತೊಂದು ತೊಡಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಅಕ್ಕಪಕ್ಕದ ಹತ್ತು ಮನೆಯವರು ಇದೇ ಮೂರನ್ನು ಹಂಚಿಕೊಳ್ಳಬೇಕು.

ಅಮೆರಿಕದ ನಿಕ್ ಫೀಮ್‌ಸ್ಟರ್ ಮತ್ತು ಜೇಸನ್ ಲಿವಿಂಗುಡ್ 2020ರಲ್ಲಿ ಸ್ಪೀಡ್ ಟೆಸ್ಟ್‌ಗಳ ಮಿತಿಯ ಬಗ್ಗೆ ಬರೆದ ಪ್ರಬಂಧ ಇದನ್ನೇ ಒತ್ತಿ ಹೇಳಿತು. ಹೊರಗಿನ ಲೈನುಗಳು ವೇಗವಾದಷ್ಟೂ ಇಕ್ಕಟ್ಟು ಮನೆಯೊಳಕ್ಕೆ, ವೈಫೈಗೆ ಮತ್ತು ಹಳೆಯ ಸಾಧನಗಳಿಗೆ ಸರಿದಿದೆ. ಹತ್ತು ಎಂಬಿಪಿಎಸ್ ಲೈನ್ ಇದ್ದ ಕಾಲದಲ್ಲಿ ಯಾವ ಫೋನಿನಲ್ಲಿ ಅಳೆದರೂ ಲೈನನ್ನೇ ಅಳೆದಂತೆ ಆಗುತ್ತಿತ್ತು. ಈಗ ಹಾಗಿಲ್ಲ.

ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ಅಳೆದರೂ ಒಂದು ಮಾತು ನೆನಪಿರಲಿ. ಅಗ್ಗದ ಪೆಟ್ಟಿಗೆ ಮತ್ತು ಹಳೆಯ ಲ್ಯಾಪ್‌ಟಾಪಿನ ಪೋರ್ಟ್‌ಗಳು ಹೆಚ್ಚಾಗಿ 100 ಎಂಬಿಪಿಎಸ್‌ನವು. ತಂತಿಯ ಮೇಲೆ 1,538 ಬೈಟಿನ ಜಾಗ ಹಿಡಿಯುವ ಪ್ರತಿ ಡೇಟಾ ಪೊಟ್ಟಣದಲ್ಲಿ (ಪ್ಯಾಕೆಟ್) ನಿಜವಾದ ಸರಕು ಸುಮಾರು 1,448 ಬೈಟ್, ಉಳಿದದ್ದು ವಿಳಾಸ ಮತ್ತು ಹೊದಿಕೆ. ಹಾಗಾಗಿ ಇಂಥ ಪೋರ್ಟಿನಲ್ಲಿ ಟೆಸ್ಟ್ 94ರ ಹತ್ತಿರ ಬಂದು ನಿಲ್ಲುತ್ತದೆ. 200ರ ಪ್ಲ್ಯಾನಿಗೆ ಪ್ರತಿ ಸಲವೂ 94 ಎಂದೇ ತೋರಿಸಿದರೆ ತಪ್ಪು ಪೋರ್ಟಿನದೋ ಕೇಬಲಿನದೋ ಎಂದು ತಿಳಿಯಬಹುದು. ಗಿಗಾಬಿಟ್ ವೇಗಕ್ಕೆ ಕೇಬಲಿನೊಳಗಿನ ನಾಲ್ಕೂ ಜೋಡಿ ತಂತಿ ಸರಿಯಿರಬೇಕು. ಒಂದು ಜೋಡಿ ಕೆಟ್ಟರೂ ಸಾಧನಗಳು 100ಕ್ಕೆ ಇಳಿದು ಎರಡೇ ಜೋಡಿಯಲ್ಲಿ ಕೆಲಸ ನಡೆಸುತ್ತವೆ. ಕಡಲಂಚಿನ ಉಪ್ಪುಗಾಳಿಗೆ ಕೇಬಲಿನ ತುದಿಯ ಪಿನ್ನುಗಳು ಬೇಗ ಕಿಲುಬು ಹಿಡಿಯುತ್ತವೆ. ಬೈತಖೋಲ, ಬೇಲೇಕೇರಿ, ಕೇಣಿಯಂಥ ಕಡಲಿಗೆ ಅಂಟಿದ ಊರಿನವರು ಪ್ಲ್ಯಾನ್ ಬದಲಿಸುವ ಮೊದಲು ಕೇಬಲ್ ಬದಲಿಸಿ ನೋಡಬೇಕು.

ತಾಮ್ರದಿಂದ ಗಾಜಿಗೆ

ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಹೆಸರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಅದು ಬಂದದ್ದು ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲೇ. ಎಕ್ಸ್‌ಚೇಂಜಿನಿಂದ ದೂರ ಹೋದಂತೆ ವೇಗ ಕುಗ್ಗುತ್ತಿತ್ತು. ಪೇಟೆಯ ಮನೆಗೂ ಮೂರು ನಾಲ್ಕು ಕಿ.ಮೀ. ಆಚೆಯ ಮನೆಗೂ ಒಂದೇ ಬಿಲ್ಲು, ವೇಗ ಮಾತ್ರ ಬೇರೆ. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಇಳಿದರೆ ಫೋನಿನಲ್ಲಿ ಗರಗರ ಸದ್ದು, ಇಂಟರ್‌ನೆಟ್ ಹೋಗಿ ಬಂದು ಹೋಗಿ ಬಂದು. ಆಗ ಸ್ಪೀಡ್ ಟೆಸ್ಟಿನ ಅಂಕಿಗೂ ತಂತಿಯ ಆರೋಗ್ಯಕ್ಕೂ ನೇರ ಸಂಬಂಧವಿತ್ತು. ಮಳೆ ಬಂದರೆ ನೆಟ್ ಸ್ಲೋ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಆ ಕಾಲದಲ್ಲಿ.

ಫೈಬರಿನ ಗುಣ ಬೇರೆ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ, ಅದಕ್ಕೆ ಮಳೆಯ ಪರಿವೆಯಿಲ್ಲ. ಎಳೆ ತೀರಾ ಬಾಗಿದರೆ, ಕನೆಕ್ಟರಿಗೆ ಧೂಳು ಕೂತರೆ, ಎಳೆಗಳ ಬೆಸುಗೆ (ಸ್ಪ್ಲೈಸ್) ಸರಿಯಾಗದಿದ್ದರೆ ಬೆಳಕು ಕುಂದುತ್ತದೆ. ಆದರೂ ಮನೆಯ ಪೆಟ್ಟಿಗೆಗೆ ಬರುವ ಬೆಳಕು ಸುಮಾರು ಮೈನಸ್ 27 ಡಿಬಿಎಂ ಎಂಬ ಮಿತಿಯವರೆಗೆ ಕುಗ್ಗುವ ತನಕ ವೇಗದಲ್ಲಿ ವ್ಯತ್ಯಾಸವೇ ಕಾಣದು. ಅದಕ್ಕಿಂತ ಕೆಳಗಿಳಿದರೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗಿ ಲೈನೇ ನಿಲ್ಲುತ್ತದೆ. ಮಿತಿಯ ಅಂಚಿನಲ್ಲಿ ತೂಗಾಡುವ ಕೆಲವು ಲೈನುಗಳು ಆಗಾಗ ಬಿದ್ದೆದ್ದು ಕಾಡುತ್ತವೆ ನಿಜ. ಆದರೆ ತಾಮ್ರದ ಹಾಗೆ 100 ಇದ್ದದ್ದು 60, ಆಮೇಲೆ 30 ಎಂದು ಇಳಿಯುತ್ತ ಹೋಗುವುದು ಫೈಬರಿನಲ್ಲಿ ಅಪರೂಪ. ಮಳೆಗಾಲದಲ್ಲಿ ಅದಕ್ಕಿರುವ ಶತ್ರು ತೆಂಗಿನ ಮಡಲು, ಉರುಳಿದ ಮರ, ಗಂಟೆಗಟ್ಟಲೆ ಹೋಗುವ ಕರೆಂಟು. ಪೆಟ್ಟಿಗೆಗೊಂದು ಚಿಕ್ಕ ಯುಪಿಎಸ್ ಹಾಕಿಸಿಕೊಂಡ ಮನೆಯಲ್ಲೂ ನೆಟ್ ಹೋದರೆ ಕಂಬದಾಚೆಯ ಯಂತ್ರದ ಬ್ಯಾಟರಿ ಮುಗಿದಿರಬಹುದು.

ರಾತ್ರಿ ಎಂಟರ ಮೇಲೆ

ಊರಿನ ಎಕ್ಸ್‌ಚೇಂಜಿನಿಂದ ಹೊರಟ ಒಂದು ಫೈಬರ್ ಎಳೆ ಒಂದೇ ಮನೆಗೆ ಮೀಸಲಲ್ಲ. ಕಂಬದ ಮೇಲಿನ ಸ್ಪ್ಲಿಟರ್‌ನಲ್ಲಿ ಅದು ಕವಲೊಡೆದು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರದಲ್ಲಿ ಆ ಎಳೆಯ ಒಟ್ಟು ಡೌನ್‌ಲೋಡ್ ಹರಿವು 2.488 ಜಿಬಿಪಿಎಸ್, ಅಪ್‌ಲೋಡ್ 1.244 ಜಿಬಿಪಿಎಸ್. 32 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ತಲಾ ಸುಮಾರು 78 ಎಂಬಿಪಿಎಸ್, 64 ಆದರೆ ಸುಮಾರು 39. ನಿಜಜೀವನದಲ್ಲಿ ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ, ಆದ್ದರಿಂದ ಈ ಹಂಚಿಕೆ ನಡೆಯುತ್ತದೆ. ಹೆಚ್ಚಿನ ತೊಂದರೆ ಬರುವುದು ಅದರ ಮೇಲಿನ ಹಂತದಲ್ಲಿ, ಊರಿನ ಯಂತ್ರದಿಂದ ಹೊರಗೆ ಹೋಗುವ ಲೈನಿನಲ್ಲಿ. ನೂರಾರು ಮನೆಗೆ ಸಾಲುವಷ್ಟು ಹರಿವನ್ನು ಕಂಪನಿ ಕೊಂಡಿರದಿದ್ದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ, ಕ್ರಿಕೆಟ್ ಇದ್ದ ದಿನವಂತೂ, ಎಲ್ಲರ ಪರದೆಯಲ್ಲೂ ಚಕ್ರ ತಿರುಗುತ್ತದೆ.

ಬೆಳಿಗ್ಗೆ ಹತ್ತಕ್ಕೆ ಬಂದ 94 ಇದನ್ನು ತೋರಿಸಲಾರದು. ಒಂದೇ ಟೆಸ್ಟ್ ನಂಬಬೇಡಿ ಎಂದು ಹೇಳುವುದು ಇದಕ್ಕೇ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಒಂದು ವಾರ, ಅದೇ ಸಾಧನ, ಅದೇ ಸರ್ವರ್. ಹೀಗೆ ಅಳೆದಾಗ ರಾತ್ರಿಯ ಅಂಕಿ ಮಾತ್ರ ದಿನಾ ಕುಸಿಯುತ್ತಿದ್ದರೆ ಅದು ಗೋಡೆಯ ತಪ್ಪಲ್ಲ, ಕಂಪನಿಯನ್ನು ಕೇಳಲೇಬೇಕಾದ ವಿಷಯ. ಮಧ್ಯೆ ತಿಂಗಳ ಡೇಟಾ ಮಿತಿ ಮುಗಿದಿದೆಯೋ ಎಂದೂ ನೋಡಿಕೊಳ್ಳಿ. ಮಿತಿ ದಾಟಿದ ಮೇಲೆ ಕಂಪನಿಗಳು ವೇಗ ತಗ್ಗಿಸುತ್ತವೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಅದು 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಅಕ್ಟೋಬರ್‌ನಲ್ಲಿ ನಿರ್ದೇಶನ ಕೊಟ್ಟಿದೆ.

ಸರ್ವರ್ ಎಲ್ಲಿದೆ?

ಕಾರವಾರದ ಕಣ್ಣೆದುರೇ ಅರಬ್ಬಿ ಸಮುದ್ರ ಇದ್ದರೂ ಹೊರದೇಶದ ಇಂಟರ್‌ನೆಟ್ ಹೊತ್ತು ತರುವ ಕಡಲಾಳದ ಕೇಬಲ್‌ಗಳು ಈ ಕರಾವಳಿಯಲ್ಲಿ ದಡ ಮುಟ್ಟುವುದು ಮುಂಬೈ ಮತ್ತು ಕೊಚ್ಚಿಯಲ್ಲಿ. ಅಲ್ಲಿಂದ ನೆಲದ ಮೇಲೆ ಫೈಬರ್ ಹಿಡಿದು ನಮ್ಮಲ್ಲಿಗೆ ಬರಬೇಕು. ಘಟ್ಟ ಮತ್ತು ಕಡಲಿನ ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ, ಕೊಂಕಣ ರೈಲು, ಕೇಬಲ್ಲು ಎಲ್ಲವೂ ಒತ್ತಿಕೊಂಡು ಸಾಗುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮೂರು ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಒಂದೇ ದಾರಿ ನಂಬಿದ ಊರಿನ ಪಾಡು ಏನೆಂದು ಆ ವರ್ಷ ನಾವೆಲ್ಲ ಕಣ್ಣಾರೆ ಕಂಡೆವು. ಕೇಬಲ್ಲಿಗೂ ಅದೇ ನ್ಯಾಯ.

ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಕಾರವಾರದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಐನೂರು ಚಿಲ್ಲರೆ ಕಿ.ಮೀ. ಹೋಗಿ ಬರಲು ಬೆಳಕಿಗೆ 5 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಕೇಬಲ್ಲಿನ ಸುತ್ತುದಾರಿ, ನಡುವಿನ ಯಂತ್ರಗಳು ಸೇರಿ ಪಿಂಗ್ ಅದಕ್ಕಿಂತ ಹೆಚ್ಚೇ ಬರುತ್ತದೆ.

ಗೋವಾ ಗಡಿಯ ಊರಾದ ಕಾರವಾರದಲ್ಲಿ ಒಂದು ವಿಚಿತ್ರ ಇದೆ. ನಕ್ಷೆ ನೋಡಿ ಸರ್ವರ್ ಆರಿಸುವ ಟೆಸ್ಟಿಗೆ ಮಡಗಾಂವ, ಪಣಜಿ ಬೆಂಗಳೂರಿಗಿಂತ ಹತ್ತಿರ. ಆದರೆ ದೂರಸಂಪರ್ಕದ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ವಲಯಕ್ಕೆ ಸೇರಿದ್ದು, ಕಾರವಾರ ಕರ್ನಾಟಕ ವಲಯಕ್ಕೆ. ಮಾಜಾಳಿಯ ಮನೆಯಿಂದ ಕಾಣಕೋಣದ ಆಚೆಯ ಸರ್ವರ್‌ಗೆ ಹೊರಟ ಡೇಟಾ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂಬೈ ಮುಟ್ಟಿ, ಮತ್ತೆ ಗೋವಾಕ್ಕೆ ಇಳಿಯಬಹುದು. ಹತ್ತಿರದ ಸರ್ವರ್‌ನ ಪಿಂಗ್ ಬೆಂಗಳೂರಿನದಕ್ಕಿಂತ ಹೆಚ್ಚು ಬಂದರೆ ಕಾರಣ ಇದಿರಬಹುದು. ಸರ್ವರನ್ನು ಕೈಯಾರೆ ಬದಲಿಸಿ ಬೆಂಗಳೂರಿನದಕ್ಕೊಮ್ಮೆ ಮುಂಬೈಯದಕ್ಕೊಮ್ಮೆ ಅಳೆದು ನೋಡಿ.

ಕಂಪನಿಯ ಸ್ವಂತ ಜಾಲದೊಳಗೇ ಇಟ್ಟ ಸರ್ವರ್‌ಗೆ ಅಳೆದರೆ ಅಂಕಿ ಚೆನ್ನಾಗಿ ಬರುವುದು ಸಹಜ. ಡೇಟಾ ಕಂಪನಿಯ ಅಂಗಳ ದಾಟಿಯೇ ಇರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಹತ್ತಿರ ಕೇಬಲ್‌ಗಳು ತುಂಡಾಗಿ ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳ ಸಂಪರ್ಕ ನಿಧಾನವಾಯಿತು. ಅಂಥ ದಿನ ಕಂಪನಿಯ ಸರ್ವರ್‌ಗೆ ಅಳೆದರೆ 100 ಬರುತ್ತದೆ, ದುಬೈಯಲ್ಲಿರುವ ಮಗನ ಮುಖ ಮಾತ್ರ ಪರದೆಯ ಮೇಲೆ ಚೂರುಚೂರಾಗಬಹುದು.

ಬೇರೆ ಬೇರೆ ಟೆಸ್ಟ್, ಬೇರೆ ಬೇರೆ ಉತ್ತರ

ಊಕ್ಲಾದ ಟೆಸ್ಟ್ ಒಂದೇ ಸಲಕ್ಕೆ ಹಲವು ಧಾರೆಗಳಲ್ಲಿ ಡೇಟಾ ಎಳೆಯುತ್ತದೆ. ಒಂದು ಧಾರೆ ಎಡವಿದರೂ ಉಳಿದವು ತುಂಬಿಕೊಡುವುದರಿಂದ ಲೈನಿನ ಗರಿಷ್ಠ ಸಾಮರ್ಥ್ಯ ಕಾಣುತ್ತದೆ. 2009ರಲ್ಲಿ ಶುರುವಾದ ಎಂ-ಲ್ಯಾಬ್ ಎಂಬ ಅಳತೆ ಯೋಜನೆಯ ಎನ್‌ಡಿಟಿ ಟೆಸ್ಟ್ ಒಂದೇ ಧಾರೆಯಲ್ಲಿ ಅಳೆಯುತ್ತದೆ. ಗೂಗಲ್ ಹುಡುಕಾಟದಲ್ಲಿ ಸ್ಪೀಡ್ ಟೆಸ್ಟ್ ಎಂದು ಕೇಳಿದಾಗ ಬರುತ್ತಿದ್ದದ್ದು ಇದೇ. ಸರ್ವರ್ ದೂರವಿದ್ದರೆ, ದಾರಿಯಲ್ಲಿ ಪೊಟ್ಟಣಗಳು ಕಳೆದುಹೋಗುತ್ತಿದ್ದರೆ ಅದರ ಅಂಕಿ ಗಣನೀಯವಾಗಿ ಕಡಿಮೆ ಬರುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ತಂದ ಫಾಸ್ಟ್ ಡಾಟ್ ಕಾಮ್ ತನ್ನದೇ ಸಿನಿಮಾ ಸರ್ವರ್‌ಗಳಿಂದ ಎಳೆದು ತೋರಿಸುತ್ತದೆ. ಸ್ಪೀಡ್ ಟೆಸ್ಟಿಗೆ ಮಾತ್ರ ದಾರಿ ಸಲೀಸು ಮಾಡಿ ಸಿನಿಮಾಕ್ಕೆ ಕಡಿವಾಣ ಹಾಕುವ ಕಂಪನಿಯಿದ್ದರೆ ಅದು ಇದರಲ್ಲಿ ಸಿಕ್ಕಿಬೀಳುತ್ತದೆ. ಮೂರರಲ್ಲೂ ಒಂದೇ ರೀತಿಯ ಉತ್ತರ ಬಂದರೆ ನಿಶ್ಚಿಂತೆಯಿಂದಿರಿ. ಒಂದರಲ್ಲಿ 95, ಇನ್ನೊಂದರಲ್ಲಿ 30 ಬಂದರೆ ಆ ವ್ಯತ್ಯಾಸವೇ ಮುಖ್ಯವಾದ ಸುದ್ದಿ.

ವೇಗವಿದ್ದರೂ ಮಾತು ಕಡಿಯುವುದು

ನೆಟ್‌ಫ್ಲಿಕ್ಸ್‌ನವರ ಪ್ರಕಾರ ಫುಲ್ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು, 4ಕೆಗೆ 15. ವಿಡಿಯೊ ಕರೆಗೆ ನಾಲ್ಕೈದು ಎಂಬಿಪಿಎಸ್ ಇದ್ದರೆ ಧಾರಾಳ. ಹಾಗಾದರೆ 100 ಬರುವ ಮನೆಯಲ್ಲಿ ಮೀಟಿಂಗ್ ಏಕೆ ಕಡಿಯುತ್ತದೆ?

ಯಾರದೋ ಫೋನು ಮದುವೆಯ ಫೋಟೊ, ವಿಡಿಯೊಗಳನ್ನೆಲ್ಲ ಗೂಗಲ್‌ಗೆ ಏರಿಸುತ್ತಿದೆ ಎನ್ನಿ. ಪೆಟ್ಟಿಗೆ ಬಂದ ಪೊಟ್ಟಣಗಳನ್ನೆಲ್ಲ ಬಿಸಾಡದೆ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಮೀಟಿಂಗಿನ ಧ್ವನಿಯ ಪುಟ್ಟ ಪೊಟ್ಟಣವೂ ಆ ಉದ್ದದ ಸಾಲಿನ ಕೊನೆಯಲ್ಲಿ ನಿಲ್ಲಬೇಕು. 15 ಮಿಲಿಸೆಕೆಂಡಿನ ಪಿಂಗ್ 300, 400ಕ್ಕೆ ಏರಬಹುದು. ಅಮೆರಿಕದ ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯಲ್ಲೇ ಇದನ್ನು ಕಂಡು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಟೆಸ್ಟ್ ಶುರುವಾಗುವ ಮೊದಲು ಲೈನ್ ಖಾಲಿಯಿದ್ದಾಗ ಅಳೆದ ಪಿಂಗ್ ಇದನ್ನು ತೋರಿಸುವುದಿಲ್ಲ. 2022ರಿಂದ ಊಕ್ಲಾ ಡೌನ್‌ಲೋಡ್, ಅಪ್‌ಲೋಡ್ ನಡೆಯುತ್ತಿರುವಾಗಿನ ಪಿಂಗನ್ನೂ ಬೇರೆಯಾಗಿ ತೋರಿಸುತ್ತಿದೆ. ದೊಡ್ಡ ಅಂಕಿಯ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಆ ಎರಡು ಅಂಕಿಗಳನ್ನು ಓದುವವರು ಕಡಿಮೆ. ಆನ್‌ಲೈನ್ ಕ್ಲಾಸು, ಮನೆಯಿಂದ ಕೆಲಸ ಮಾಡುವವರಿಗೆ ಡೌನ್‌ಲೋಡ್ ವೇಗಕ್ಕಿಂತ ಮುಖ್ಯವಾದದ್ದು ಅವೇ ಎಂದು ನನ್ನ ಅಭಿಪ್ರಾಯ.

ನಿಯಮ ಏನು ಹೇಳುತ್ತದೆ

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರಲ್ಲಿ 256 ಕೆಬಿಪಿಎಸ್ ಇತ್ತು, 2013ರಲ್ಲಿ 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಸೇವೆಯ ಗುಣಮಟ್ಟದ ಹೊಸ ನಿಯಮಗಳನ್ನು ಟ್ರಾಯ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ವಿಳಂಬ 50 ಮಿಲಿಸೆಕೆಂಡಿನೊಳಗೆ ಇರಬೇಕೆಂಬ ಮಾನದಂಡ ಅದರಲ್ಲಿದೆ. ಗ್ರಾಹಕರೇ ಮೊಬೈಲ್ ವೇಗ ಅಳೆದು ಕಳಿಸಲೆಂದು ಟ್ರಾಯ್ 2016ರಲ್ಲೇ ಮೈಸ್ಪೀಡ್ ಆ್ಯಪ್ ತಂದಿತ್ತು.

ಪ್ಲ್ಯಾನಿನ ಜಾಹೀರಾತಿನಲ್ಲಿ ವೇಗದ ಮುಂದೆ "ವರೆಗೆ" ಎಂಬ ಪುಟ್ಟ ಪದವಿರುತ್ತದೆ. 100 ಎಂಬಿಪಿಎಸ್‌ವರೆಗೆ ಎಂದರೆ 100 ಮೇಲ್ಮಿತಿ. ಹಣ ಕಟ್ಟುವ ಮುಂಚೆಯೇ, ರಾತ್ರಿ ಹೊತ್ತು ಎಷ್ಟು ಬರುತ್ತದೆಂದು ಅದೇ ಕಂಪನಿಯ ಲೈನಿರುವ ನೆರೆಮನೆಯವರನ್ನು ಕೇಳಿ.

ದೂರು ನಿಲ್ಲುವಂತೆ ಅಳೆಯುವುದು

ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಒಳ್ಳೆಯ ಲ್ಯಾನ್ ಕೇಬಲಿನಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ. ವೈಫೈ ಆಫ್ ಮಾಡಿ, ಮನೆಯ ಟಿವಿ, ಫೋನುಗಳನ್ನೆಲ್ಲ ಜಾಲದಿಂದ ಬಿಡಿಸಿ, ವಿಪಿಎನ್ ಇದ್ದರೆ ನಿಲ್ಲಿಸಿ. ಹೀಗೆ ಅಳೆದರೆ ಸ್ಪೀಡ್ ಟೆಸ್ಟ್ ಲೈನಿನ ನಿಜವಾದ ವೇಗಕ್ಕೆ ಬಹಳ ಹತ್ತಿರ ಬರುತ್ತದೆ. ಒಳಕೋಣೆಯಲ್ಲಿ ಫೋನ್ ಹಿಡಿದು ಅಳೆದದ್ದು ನಿಮ್ಮ ಅನುಭವದ ಸರಿಯಾದ ಅಳತೆ, ಕಂಪನಿಯ ಸೇವೆಯ ಅಳತೆ ಅದಾಗಲಾರದು. ಎರಡನ್ನೂ ಅಳೆದು ಪಕ್ಕಪಕ್ಕ ಬರೆದಿಡಿ. ಪೆಟ್ಟಿಗೆಯ ಬಳಿ 95, ಕೋಣೆಯಲ್ಲಿ 20 ಇದ್ದರೆ ಪೆಟ್ಟಿಗೆಯನ್ನು ಮನೆಯ ನಡುಭಾಗಕ್ಕೆ ಸರಿಸಿ, ಇಲ್ಲವೇ ಒಂದು ಲ್ಯಾನ್ ಕೇಬಲ್ ಎಳೆದು ಒಳಗೆ ಇನ್ನೊಂದು ರೂಟರ್ ಇಡಿ. ಪ್ಲ್ಯಾನ್ ದೊಡ್ಡದು ಮಾಡಿದರೆ ಏನೂ ಪ್ರಯೋಜನವಿಲ್ಲ.

ಪೆಟ್ಟಿಗೆಯ ಬಳಿ ಕೇಬಲ್ ಹಾಕಿ ಅಳೆದಾಗಲೂ ವಾರವಿಡೀ ಕಡಿಮೆ ಬಂದರೆ ದಿನ, ಹೊತ್ತು, ಸರ್ವರ್ ಹೆಸರು ಕಾಣುವ ಸ್ಕ್ರೀನ್‌ಶಾಟ್‌ಗಳ ಸಮೇತ ದೂರು ಕೊಡಿ. ಲೈನ್‌ಮ್ಯಾನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದು ದೂರಾಗುವುದಿಲ್ಲ. ಕಂಪನಿಯ ದೂರು ಕೇಂದ್ರದಿಂದ ಡಾಕೆಟ್ ಸಂಖ್ಯೆ ಪಡೆಯಲೇಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. 2012ರ ಟ್ರಾಯ್ ನಿಯಮ ಈ ಎರಡು ಮೆಟ್ಟಿಲನ್ನು ಕಡ್ಡಾಯ ಮಾಡಿದೆ. ದೂರಸಂಪರ್ಕದ ದೂರನ್ನು ಗ್ರಾಹಕ ನ್ಯಾಯಾಲಯ ಕೇಳುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ತಳ್ಳಿಹಾಕಿತು. ಉತ್ತರ ಕನ್ನಡದ ಜಿಲ್ಲಾ ಗ್ರಾಹಕ ಆಯೋಗ ಇರುವುದು ಕಾರವಾರದಲ್ಲೇ.

ಟೆಸ್ಟ್ ಮಾಡಲಾಗದವರು

ಜಿಲ್ಲೆ, ರಾಜ್ಯಗಳ ಸರಾಸರಿ ವೇಗವೆಂದು ಪತ್ರಿಕೆಗಳಲ್ಲಿ ಬರುವ ಪಟ್ಟಿಗಳು ಜನ ತಾವಾಗಿ ಮಾಡಿದ ಟೆಸ್ಟ್‌ಗಳ ಮೊತ್ತ. ಹೊಸ ಲೈನ್ ಬಂದ ಸಂಭ್ರಮದಲ್ಲಿ ಅಳೆದವರು, ಲೈನ್ ಕೆಟ್ಟಾಗ ಸಿಟ್ಟಿನಿಂದ ಅಳೆದವರು ಇಬ್ಬರೂ ಅದರಲ್ಲಿದ್ದಾರೆ. ಲೈನೇ ಇಲ್ಲದವರು ಇಲ್ಲ. ಪ್ರತಿ ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಭಾರತ್‌ನೆಟ್ ಎಂಬ ಹೆಸರು ಬಂದದ್ದು ಆಮೇಲೆ. ಪಂಚಾಯಿತಿ ಕಚೇರಿಗೆ ಬಂದ ಫೈಬರ್ ಅಲ್ಲಿಂದ ಕಾಡಿನೊಳಗೆ ಚದುರಿದ ಮಜರೆಗಳಿಗೆ, ಒಂಟಿ ಮನೆಗಳಿಗೆ ಹೋಗುವುದು ಮತ್ತೊಂದು ಕೆಲಸ. 2020ರ ಮಳೆಗಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತು ಪಾಠ ಕೇಳಿದರು. ಅವರು ವೇಗ ಎಷ್ಟೆಂದು ಅಳೆಯುತ್ತಿರಲಿಲ್ಲ, ಫೋನಿನ ಮೂಲೆಯಲ್ಲಿ ಒಂದು ಕಡ್ಡಿ ಬಂತೇ ಎಂದು ನೋಡುತ್ತಿದ್ದರು. ಆ ಮನೆಗಳ ಸೊನ್ನೆ ಯಾವ ಸರಾಸರಿಯಲ್ಲೂ ಸೇರಿಲ್ಲ.